ಡೋಲಿ ಏರಿದವರ ಪುಣ್ಯ ಯಾರಿಗೆ?

ಬೆಟ್ಟದ ಮೇಲಿನ ಸ್ವಾಮಿಯನ್ನು ಕಾಣಲು ಬರುವ ಭಕ್ತಾದಿಗಳಲ್ಲಿ ನಡೆದು ಹತ್ತುವವರು ಬಹಳ ಮಂದಿ, ಹೊರಿಸಿಕೊಂಡು ಹತ್ತುವವರು ಕೆಲವರು. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಬಂಡೆಯಲ್ಲೇ ಕಡೆದ 600ಕ್ಕೂ ಮೀರಿದ ಮೆಟ್ಟಿಲುಗಳಿವೆ. ಗುಜರಾತಿನ ಗಿರಿನಾರ್ ಪರ್ವತಕ್ಕೆ ಸುಮಾರು 10,000 ಮೆಟ್ಟಿಲು. ಶಬರಿಮಲೆಯಲ್ಲಿ ಪಂಪೆಯಿಂದ ಸನ್ನಿಧಾನಕ್ಕೆ ಸುಮಾರು 5 ಕಿಲೋಮೀಟರ್ ಕಡಿದಾದ ಏರು. ಸಮ್ಮೇದ ಶಿಖರ್ಜಿಯ ಪರ್ವತ ವಂದನೆ ಮುಗಿಸಿ ಕೆಳಗಿಳಿಯುವಷ್ಟರಲ್ಲಿ 27 ಕಿಲೋಮೀಟರ್ ಆಗುತ್ತದೆ. ಈ ಎಲ್ಲ ಕ್ಷೇತ್ರಗಳಲ್ಲೂ ಡೋಲಿ ಉಂಟು. ಒಂದು ಕುರ್ಚಿ, ಬೊಂಬಿನ ಗಳ, ಅದಕ್ಕೆ ಹೆಗಲು ಕೊಡುವ ಇಬ್ಬರೋ ನಾಲ್ವರೋ ಆಳು. ವಯಸ್ಸಾದವರು, ಕಾಲಿಲ್ಲದವರು, ಹೃದಯದ ಕಾಯಿಲೆ ಇರುವವರು ಅದರಲ್ಲಿ ಕೂತು ಮೇಲೆ ಹೋಗಿ ಕಣ್ತುಂಬ ದರ್ಶನ ಮಾಡಿ ಬರುತ್ತಾರೆ. ಡೋಲಿ ಇಲ್ಲದಿದ್ದರೆ ಅವರ ಜನ್ಮದಲ್ಲಿ ಆ ದರ್ಶನ ಇರುತ್ತಿರಲಿಲ್ಲ.

ಮೆಟ್ಟಿಲ ಬುಡದಲ್ಲಿ ನಿಂತರೆ ದಿನವೂ ಒಂದೇ ಬಗೆಯ ಮಾತು ಕೇಳಿಸುತ್ತದೆ.

"ಏನಪ್ಪಾ, ಮೇಲಕ್ಕೆ ಎಷ್ಟು ತಗೋತೀಯಾ?"

"ಕೂತ್ಕೊಳ್ಳಿ ಅಮ್ಮಾವ್ರೆ, ಹುಷಾರಾಗಿ ಕರ್ಕೊಂಡೋಗ್ತೀವಿ." ಆಮೇಲೆ ದರ ಹೇಳುತ್ತಾನೆ.

"ಅಯ್ಯೋ, ಅಷ್ಟೊಂದಾ? ಒಂದು ಗಳಿಗೆ ಕೆಲಸ ತಾನೇ!"

ಹೀಗೆ ಕೇಳುವ ತಾಯಿ ಕೆಟ್ಟವಳಲ್ಲ. ಮೇಲೆ ಹೋಗಿ ಹುಂಡಿಗೆ ಧಾರಾಳವಾಗಿ ಹಾಕುವವಳೇ. ಆದರೆ ಆ "ಒಂದು ಗಳಿಗೆ" ಎಂಬ ಲೆಕ್ಕದಲ್ಲೇ ಒಂದು ಧರ್ಮಪ್ರಶ್ನೆ ಅಡಗಿದೆ. ಹೊತ್ತವನ ಮೈಮೇಲೆ ಆ ಕೆಲಸ ಎಷ್ಟು ಹೊತ್ತು ಇರುತ್ತದೆ? ಹೊತ್ತು ಮುಗಿಸಿದ ಮೇಲೂ ಉಳಿಯುವ ನೋವಿನಲ್ಲಿ ಡೋಲಿಯಲ್ಲಿ ಕೂತವರ ಪಾಲು ಏನಾದರೂ ಇದೆಯೋ, ಅಥವಾ ದುಡ್ಡು ಕೊಟ್ಟ ಕೂಡಲೇ ಋಣ ತೀರಿತೋ?

ಈ ಪ್ರಶ್ನೆ ಹೊಸದೇನಲ್ಲ. ಭಾಗವತದ ಐದನೆಯ ಸ್ಕಂಧದಲ್ಲಿ ಜಡಭರತನ ಕಥೆ ಇದೆ. ಸಿಂಧು ಸೌವೀರ ದೇಶದ ರಾಜ ರಹೂಗಣ ಕಪಿಲ ಮಹರ್ಷಿಗಳನ್ನು ಕಂಡು ತತ್ವ ಕೇಳಬೇಕೆಂದು ಪಲ್ಲಕ್ಕಿಯಲ್ಲಿ ಹೊರಟಿದ್ದ. ಅವನೂ ಒಬ್ಬ ಯಾತ್ರಿಕನೇ ಎನ್ನಬೇಕು. ಇಕ್ಷುಮತಿ ನದಿಯ ದಡದಲ್ಲಿ ಹೊರುವವರಿಗೆ ಇನ್ನೊಬ್ಬ ಆಳು ಬೇಕಾಯಿತು. ದಾರಿಯಲ್ಲಿ ಸಿಕ್ಕ ಜಡಭರತ ಗಟ್ಟಿ ಮೈಯವನು, ಮಾತಾಡದವನು. ಹಿಡಿದು ತಂದು ಹೆಗಲಿಗೆ ಹಚ್ಚಿದರು. ಅವನೋ ಕಾಲಡಿಯಲ್ಲಿ ಇರುವೆ, ಹುಳು ಸತ್ತೀತೆಂದು ನೆಲ ನೋಡಿಕೊಂಡು ಹೆಜ್ಜೆ ಇಡುವವನು. ಪಲ್ಲಕ್ಕಿ ಕುಲುಕಾಡಿತು. ರಾಜ ಮೊದಲು ಎಲ್ಲರನ್ನೂ ಗದರಿಸಿದ. ತಪ್ಪು ಹೊಸಬನದು ಎಂದು ಗೊತ್ತಾದ ಮೇಲೆ ಅವನನ್ನು ಹಂಗಿಸಿದ. ಪಾಪ, ಬಹಳ ದೂರ ಒಬ್ಬನೇ ಹೊತ್ತು ದಣಿದಿದ್ದೀಯ, ಬಡಕಲು ಮೈ ಬೇರೆ, ಮುಪ್ಪೂ ಬಂದಿದೆ ಎಂದು ಆ ಗಟ್ಟಿ ಆಳನ್ನು ವ್ಯಂಗ್ಯವಾಡಿದ.

ಅದಕ್ಕೆ ಜಡಭರತ ಕೊಟ್ಟ ಉತ್ತರ ಪ್ರಸಿದ್ಧ. ವಿಷ್ಣುಪುರಾಣದಲ್ಲಿ ಇದೇ ಕಥೆ ಬರುವಾಗ ಆ ಉತ್ತರ ಒಂದು ಸರಪಣಿಯ ಹಾಗಿದೆ. ನೆಲದ ಮೇಲೆ ಪಾದ, ಪಾದದ ಮೇಲೆ ಮೊಣಕಾಲ ಕೆಳಗಿನ ಕಾಲು, ಅದರ ಮೇಲೆ ತೊಡೆ, ತೊಡೆಯ ಮೇಲೆ ಹೊಟ್ಟೆ, ಹೊಟ್ಟೆಯ ಮೇಲೆ ಎದೆ ಮತ್ತು ಭುಜ, ಭುಜದ ಮೇಲೆ ಪಲ್ಲಕ್ಕಿ. ಹೀಗಿರುವಾಗ ಇದರಲ್ಲಿ "ನನ್ನ" ಭಾರ ಎಲ್ಲಿದೆ, ಹೊತ್ತವನು ಯಾರು, ಕೂತವನು ಯಾರು ಎಂಬುದು ಅವನ ಕೇಳಿಕೆ. ಭಾಗವತದಲ್ಲಿ ರಾಜ ಬೆದರಿ ಪಲ್ಲಕ್ಕಿಯಿಂದ ಇಳಿದು ಕಾಲಿಗೆ ಬಿದ್ದು ಉಪದೇಶ ಪಡೆಯುತ್ತಾನೆ.

ಪ್ರವಚನಗಳಲ್ಲಿ ಈ ಕಥೆ ಆತ್ಮ ಬೇರೆ, ದೇಹ ಬೇರೆ ಎಂಬಲ್ಲಿಗೆ ಮುಗಿಯುತ್ತದೆ. ಅದು ಸರಿಯೇ. ಆದರೆ ಒಂದು ಸೂಕ್ಷ್ಮವನ್ನು ಬಹಳ ಜನ ಗಮನಿಸುವುದಿಲ್ಲ. ಭಾರ ನನಗಿಲ್ಲ ಎಂದು ಹೇಳಿದವನು ಹೊತ್ತವನು. ಕೂತ ರಾಜ ಅದೇ ಮಾತನ್ನು ಹೇಳಿದ್ದರೆ? "ಎಲೋ, ಭಾರ ಇರುವುದು ನಿನ್ನ ದೇಹಕ್ಕೆ, ಆತ್ಮಕ್ಕಲ್ಲ, ಸುಮ್ಮನೆ ನಡೆ" ಎಂದಿದ್ದರೆ ಅದು ವೇದಾಂತ ಆಗುತ್ತಿರಲಿಲ್ಲ, ದಬ್ಬಾಳಿಕೆ ಆಗುತ್ತಿತ್ತು. ಒಂದೇ ವಾಕ್ಯ ಒಬ್ಬನ ಬಾಯಲ್ಲಿ ಜ್ಞಾನ, ಇನ್ನೊಬ್ಬನ ಬಾಯಲ್ಲಿ ನೆಪ. "ಅವರಿಗೆ ಅಭ್ಯಾಸ ಆಗಿರುತ್ತೆ ಬಿಡಿ, ನೋವು ಗೊತ್ತಾಗಲ್ಲ" ಎಂದು ಡೋಲಿಯಲ್ಲಿ ಕೂತು ಹೇಳುವ ಮಾತೂ ಇದೇ ಜಾತಿಯದು.

ಜಡಭರತನ ಸರಪಣಿಯಲ್ಲಿ ತೊಡೆಗೂ ಹೊಟ್ಟೆಗೂ ನಡುವೆ ಒಂದು ಕೊಂಡಿ ಇದೆ. ಅದೇ ಸೊಂಟದ ಕೀಲು. ತೊಡೆಮೂಳೆಯ ತುದಿ ಗುಂಡಾಗಿದೆ, ಸೊಂಟದ ಮೂಳೆಯಲ್ಲಿ ಅದಕ್ಕೊಪ್ಪುವ ಬಟ್ಟಲಿದೆ. ನಡುವೆ ನುಣುಪಾದ ಮೃದ್ವಸ್ಥಿಯ ಪದರ. ಮನುಷ್ಯ ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಒಂದು ಕಾಲು ಗಾಳಿಯಲ್ಲಿರುತ್ತದೆ, ಇಡೀ ಮೈ ಒಂದೇ ಕೀಲಿನ ಮೇಲೆ ನಿಲ್ಲುತ್ತದೆ. ಮೈಯ ಭಾರ ಕೀಲಿನಿಂದ ದೂರ, ಅದನ್ನು ಹಿಡಿದೆಳೆಯುವ ಪಕ್ಕದ ಸ್ನಾಯು ಕೀಲಿಗೆ ಹತ್ತಿರ. ಗಿಡ್ಡ ತೋಳಿನ ಕಡೆಯಿಂದ ಸನ್ನೆಕೋಲು ಒತ್ತಿದ ಹಾಗೆ ಆ ಸ್ನಾಯು ಬಹಳ ಬಲವಾಗಿ ಎಳೆಯಬೇಕಾಗುತ್ತದೆ. ಆ ಎಳೆತವೂ ಕೀಲಿನ ಮೇಲೆಯೇ ಬೀಳುತ್ತದೆ. ಆದ್ದರಿಂದ ಬರಿಗೈಯಲ್ಲಿ ನಡೆದರೂ ಸೊಂಟದ ಕೀಲಿಗೆ ಮೈತೂಕದ ಎರಡು ಮೂರು ಪಟ್ಟು ಒತ್ತಡ ಬರುತ್ತದೆ. ಮುಗ್ಗರಿಸಿದರೆ ಇನ್ನೂ ಹೆಚ್ಚು. ಹೆಗಲ ಮೇಲೆ 40 ಕಿಲೋ ಬಂದರೆ ಕೀಲಿಗೆ ಕೂಡುವುದು ಬರೀ 40 ಅಲ್ಲ, 100 ದಾಟಬಹುದು. ಹೊರೆ ಒಂದೇ ಹೆಗಲಿನಲ್ಲಿದ್ದರೆ ಎದುರು ಬದಿಯ ಸೊಂಟದ ಸ್ನಾಯು ಇನ್ನಷ್ಟು ಜಗ್ಗಬೇಕು. ಅನುಭವಿ ಆಳುಗಳು ದಾರಿಯಲ್ಲಿ ಹೆಗಲು ಬದಲಿಸುವುದು ಸುಮ್ಮನೆ ಅಲ್ಲ.

ಇಬ್ಬರು ಹೊತ್ತ ಡೋಲಿಯಲ್ಲಿ 80 ಕಿಲೋ ತೂಗುವ ಯಜಮಾನರು ಕೂತರೆ ಒಬ್ಬೊಬ್ಬನಿಗೆ 40, ಕುರ್ಚಿ ಬೊಂಬಿನ ತೂಕ ಬೇರೆ. ಸಮನೆಲದಲ್ಲಿ ಆ ಪಾಲು ಸಮ. ಮೆಟ್ಟಿಲು ಬಂದ ಕೂಡಲೆ ಭಾರ ಒಮ್ಮೆ ಮುಂದಿನವನ ಮೇಲೆ, ಒಮ್ಮೆ ಹಿಂದಿನವನ ಮೇಲೆ ವಾಲುತ್ತದೆ. ಕೂತವರು ಫೋಟೋ ತೆಗೆಯಲು ಪಕ್ಕಕ್ಕೆ ಬಾಗಿದರೂ ಅದರ ಜಗ್ಗು ಕೆಳಗಿನವನ ತೊಡೆಸಂದಿಗೆ ಗೊತ್ತಾಗುತ್ತದೆ.

ತೊಡೆಸಂದು ಎಂದ ಮೇಲೆ ಅದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಯಾಕೆಂದರೆ ಹೊರೆ ಹೊರುವವರು ನಾಚಿಕೆಯಿಂದ ಯಾರಿಗೂ ಹೇಳದೆ ನುಂಗುವ ನೋವು ಇದೇ. ಸೊಂಟದ ಕೀಲು ಕೆಟ್ಟಾಗ ನೋವು ಸೊಂಟದಲ್ಲೇ ಕಾಣಿಸಬೇಕೆಂದಿಲ್ಲ. ಬಹಳ ಸಲ ತೊಡೆಸಂದಿನಲ್ಲಿ, ಕೆಲವೊಮ್ಮೆ ಮೊಣಕಾಲಿನಲ್ಲಿ ಕಾಣಿಸುತ್ತದೆ. ಮೊಣಕಾಲಿಗೆ ವರ್ಷಗಟ್ಟಲೆ ಎಣ್ಣೆ ನೀವಿಕೊಂಡು ಕೊನೆಗೆ ಸೊಂಟ ಸವೆದಿದೆ ಎಂದು ಗೊತ್ತಾಗುವುದುಂಟು. ಒಳತೊಡೆಯ ಸ್ನಾಯು ಮೂಳೆಗೆ ಅಂಟುವ ಜಾಗದಲ್ಲಿ ಪದೇ ಪದೇ ಎಳೆದು ಉಳುಕಿದರೆ ಕಾಲು ಪಕ್ಕಕ್ಕೆ ಇಟ್ಟಾಗ ಚಳಕು ಹೊಡೆಯುತ್ತದೆ. ತೊಡೆಯನ್ನು ಮೇಲಕ್ಕೆತ್ತುವ ಸ್ನಾಯು ಬೇನೆಗೊಂಡರೆ ಪ್ರತಿ ಮೆಟ್ಟಿಲೂ ಶಿಕ್ಷೆ. ಹೊಟ್ಟೆಯ ಗೋಡೆ ತೊಡೆಸಂದಿನ ಹತ್ತಿರ ದುರ್ಬಲವಿದ್ದವರಿಗೆ ಹೊರೆ ಎತ್ತುವಾಗ, ಕೆಮ್ಮಿದಾಗ ಅಲ್ಲಿ ಗಂಟಿನ ಹಾಗೆ ಉಬ್ಬಿ ಬರುತ್ತದೆ. ಅದು ಹರ್ನಿಯ. ಮಲಗಿದರೆ ಒಳಗೆ ಹೋಗುವ ತನಕ ಜನ ಸುಮ್ಮನಿರುತ್ತಾರೆ. ಒಂದು ದಿನ ಒಳಗೆ ಹೋಗದೆ, ಗಟ್ಟಿಯಾಗಿ, ನೋವು ವಾಂತಿ ಶುರುವಾದರೆ ಅದೇ ಗಳಿಗೆ ಆಸ್ಪತ್ರೆ ಸೇರಬೇಕು. ನಾಳೆ ನೋಡೋಣ ಎಂದರೆ ಪ್ರಾಣಕ್ಕೆ ಬರುತ್ತದೆ.

ಇವೆಲ್ಲಕ್ಕಿಂತ ಮೋಸದ್ದು ಮೂಳೆಯ ಬಿರುಕು. ಒಂದೇ ಏಟಿಗೆ ಮುರಿಯುವುದು ಬೇರೆ. ಇದು ಸಾವಿರಾರು ಹೆಜ್ಜೆಗಳ ಮೇಲೆ ಸಾವಿರಾರು ಹೆಜ್ಜೆ ಬಿದ್ದು ಕೂದಲೆಳೆಯಷ್ಟು ಬಿರುಕಾಗುವುದು. 1855ರಲ್ಲೇ ಪ್ರಷ್ಯಾದ ಸೈನ್ಯದ ವೈದ್ಯ ಬ್ರೈತೌಪ್ಟ್ ಎಂಬುವವರು ದೂರ ದೂರ ನಡೆಯುವ ಸಿಪಾಯಿಗಳ ಪಾದ ಊದಿಕೊಂಡು ನೋಯುವುದನ್ನು ಬರೆದಿಟ್ಟರು. ಆಗ ಎಕ್ಸ್‌ರೇ ಇರಲಿಲ್ಲ, ಅದು ಮೂಳೆಯ ಬಿರುಕೆಂದು ತಿಳಿದದ್ದು ಆಮೇಲೆ. ಇದೇ ಬಿರುಕು ತೊಡೆಮೂಳೆಯ ಕತ್ತಿನಲ್ಲೂ ಬರುತ್ತದೆ, ಬೆನ್ನಿಗೆ ಭಾರ ಕಟ್ಟಿಕೊಂಡು ನಡೆಯುವ ಸೈನಿಕರಲ್ಲಿ ವೈದ್ಯರು ಇದನ್ನು ಚೆನ್ನಾಗಿ ಬಲ್ಲರು. ಗುರುತು ಇಷ್ಟೇ: ತೊಡೆಸಂದಿನಲ್ಲಿ ಆಳದ ನೋವು, ಹೆಜ್ಜೆ ಇಟ್ಟಷ್ಟೂ ಹೆಚ್ಚು, ಕೂತರೆ ಕಡಿಮೆ. ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು, ಎಂಆರ್‌ಐಯಲ್ಲಿ ಕಾಣುತ್ತದೆ. ಈ ಹಂತದಲ್ಲಿ ಹೊರೆ ಇಳಿಸಿ ವೈದ್ಯರು ಹೇಳಿದಷ್ಟು ದಿನ ಕಾಲಿಗೆ ಬಿಡುವು ಕೊಟ್ಟರೆ ಬಹಳ ಬಿರುಕುಗಳು ಕೂಡಿಕೊಳ್ಳುತ್ತವೆ. ಕೊಡದಿದ್ದರೆ ಒಂದು ದಿನ ಮೂಳೆ ಪೂರ್ತಿ ಮುರಿದು ಆಪರೇಷನ್ ಆಗಬೇಕಾಗುತ್ತದೆ. ಆಮೇಲೆ ಹೊರುವ ಮಾತೆಲ್ಲಿ?

ಇಲ್ಲಿಗೆ ಪ್ರಶ್ನೆ ಮತ್ತೆ ಧರ್ಮಕ್ಕೆ ತಿರುಗುತ್ತದೆ. ಬಿಡುವು ಕೊಟ್ಟರೆ ವಾಸಿಯಾಗುವ ನೋವು ಅದು. ಆದರೆ ಬಿಡುವು ಯಾರ ಕೈಯಲ್ಲಿದೆ? ಡೋಲಿಯವನಿಗೆ ಸಂಬಳವಿಲ್ಲ, ಸರದಿಯ ಮೇಲೆ ದುಡ್ಡು. ಜಾತ್ರೆ, ಸೀಸನ್ನು ಎಂದರೆ ವರ್ಷದಲ್ಲಿ ಕೆಲವೇ ವಾರ. ಆ ವಾರಗಳಲ್ಲಿ ಎಷ್ಟು ಸಲ ಹತ್ತಿದರೆ ಅಷ್ಟು ಮನೆಗೆ. ನೋವು ಎಂದು ಬಾಯಿ ಬಿಟ್ಟರೆ ಗಿರಾಕಿ ಪಕ್ಕದವನ ಹತ್ತಿರ ಹೋಗುತ್ತಾನೆ. "ಏನೂ ಇಲ್ಲ ಸ್ವಾಮಿ, ಸ್ವಲ್ಪ ಉಳುಕಿದೆ ಅಷ್ಟೇ" ಎಂದು ಸೊಂಟಕ್ಕೆ ಟವೆಲು ಬಿಗಿದು ಎದ್ದು ನಿಲ್ಲುತ್ತಾನೆ. ಅಲ್ಲಿ ಆತ ಹೇಳುವುದು ಸುಳ್ಳು, ಆ ಸುಳ್ಳನ್ನು ಹೇಳಿಸುವುದು ಹೊಟ್ಟೆ.

ಜೈನ ಶಾಸ್ತ್ರಕಾರರು ಈ ವಿಷಯದಲ್ಲಿ ಬಹಳ ಖಚಿತವಾಗಿ ಯೋಚಿಸಿದ್ದಾರೆ. ಉಮಾಸ್ವಾಮಿಗಳ ತತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಗೃಹಸ್ಥರ ಅಹಿಂಸಾವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಅನ್ನ ನೀರು ತಪ್ಪಿಸುವುದು, ಇವುಗಳ ಸಾಲಿನಲ್ಲೇ ಅತಿಭಾರಾರೋಪಣವೂ ಇದೆ. ತಾಳಲಾರದಷ್ಟು ಹೊರೆ ಹೊರಿಸುವುದು ಎಂದರ್ಥ. ಗಮನಿಸಬೇಕಾದದ್ದು, ಹೊರೆ ಹೊರಿಸುವುದೇ ತಪ್ಪು ಎಂದಿಲ್ಲ, ಅತಿ ಎಂಬುದು ತಪ್ಪು. ಇನ್ನೊಂದು ಮಾತೂ ಅಲ್ಲಿದೆ. ಕೃತ, ಕಾರಿತ, ಅನುಮೋದನ. ತಾನೇ ಮಾಡಿದರೂ, ಇನ್ನೊಬ್ಬರಿಂದ ಮಾಡಿಸಿದರೂ, ಮಾಡುವುದನ್ನು ನೋಡಿ ಮೆಚ್ಚಿದರೂ ಕರ್ಮ ಅಂಟುತ್ತದೆ. ಹಾಗಾದರೆ ಡೋಲಿ ಏರಿದವರು ಕಾರಿತದಲ್ಲಿದ್ದಾರೆ, ಪಕ್ಕದಲ್ಲಿ ಬರಿಗೈಯಲ್ಲಿ ನಡೆಯುತ್ತ "ಬೇಗ ಬೇಗ ನಡೀರಪ್ಪಾ, ಅಭಿಷೇಕಕ್ಕೆ ಹೊತ್ತಾಯ್ತು" ಎನ್ನುವ ಮಗ ಎಲ್ಲಿದ್ದಾನೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಅತಿ ಎಂದರೆ ಎಷ್ಟು? ನಮ್ಮ ದೇಶದಲ್ಲಿ 1965ರ ನಿಯಮದ ಪ್ರಕಾರ ಕತ್ತೆಯ ಮೇಲೆ 50 ಕಿಲೋ, ತಟ್ಟುವಿನ ಮೇಲೆ 70 ಕಿಲೋ ಮೀರಿ ಹೇರಬಾರದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ವಯಸ್ಕ ಗಂಡಾಳು ಹೊರುವ ಭಾರ 55 ಕಿಲೋ ಮೀರದಿರಲಿ ಎಂದು ಶಿಫಾರಸು ಮಾಡಿತು. ಕತ್ತೆಗೂ ಮನುಷ್ಯನಿಗೂ ಐದೇ ಕಿಲೋ ಅಂತರ ಎಂದು ನಗಬಹುದು. ನಮ್ಮ ಮಂಡಿಗಳಲ್ಲಿ 100 ಕಿಲೋ ಮೂಟೆಯನ್ನು ಬೆನ್ನ ಮೇಲೆ ಹೊತ್ತ ಹಮಾಲರಿಗೆ ಆ ನಗು ಬಂದಿರಲಾರದು. ಕಿಲೋ ಲೆಕ್ಕ ಒಂದೇ ಸಾಲದು ಎನ್ನುವುದೂ ನಿಜ. ಎಷ್ಟು ಮೆಟ್ಟಿಲು, ಎಷ್ಟು ಸಲ, ನಡುವೆ ಎಷ್ಟು ಕೂತ ಎಂಬುದರಲ್ಲೇ ಮೂಳೆಯ ಅಳಿವು ಉಳಿವು. ನೇಪಾಳದ ಹೊರೆಯಾಳುಗಳ ಬಗ್ಗೆ 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಗಂಡಸರು ಸರಾಸರಿ ತಮ್ಮ ಮೈತೂಕಕ್ಕೆ ಹತ್ತಿರದಷ್ಟು ಹೊರುವುದನ್ನು ಕಂಡಿತು. ಅವರ ಗುಟ್ಟು ನಿಧಾನ. ಬಹಳ ಮೆಲ್ಲಗೆ ನಡೆಯುತ್ತಾರೆ, ಮತ್ತೆ ಮತ್ತೆ ನಿಲ್ಲುತ್ತಾರೆ. ಅವರ ಬೆನ್ನ ಮೇಲಿರುವುದು ಸಾಮಾನು, ಅದು ಬೇಗ ನಡಿ ಅನ್ನುವುದಿಲ್ಲ.

ಹಾಗಾದರೆ ಡೋಲಿಯನ್ನೇ ನಿಲ್ಲಿಸಿಬಿಡಬೇಕೆ? ಬಹಳ ಜನ ಸುಲಭವಾಗಿ ಹೌದು ಅನ್ನುತ್ತಾರೆ. ನಿಲ್ಲಿಸಿದರೆ ಮೊದಲು ಉಪವಾಸ ಬೀಳುವವನು ಯಾರ ಸೊಂಟಕ್ಕಾಗಿ ಕಣ್ಣೀರು ಹಾಕುತ್ತಿದ್ದೇವೋ ಅವನೇ. ಗಿರಿನಾರ್‌ನಲ್ಲಿ ಕೂತವರ ತೂಕ ನೋಡಿ ಡೋಲಿಯ ದರ ಹೇಳುವ ರೂಢಿ. 2020ರ ಅಕ್ಟೋಬರ್‌ನಲ್ಲಿ ಅಲ್ಲಿ ಅಂಬಾಜಿ ಗುಡಿಯವರೆಗೆ ರೋಪ್‌ವೇ ಬಂತು. ಯಾತ್ರಿಕರಿಗೆ ಅನುಕೂಲ, ಹೆಗಲುಗಳಿಗೆ ಬಿಡುವು. ಆದರೆ ಬಿಡುವಿನ ಜತೆಗೆ ಗಿರಾಕಿಯೂ ಕಡಿಮೆಯಾಗುವುದು ಸಹಜ. ಅಲ್ಲಿಂದ ಮೇಲೆ ದತ್ತಾತ್ರೇಯ ಶಿಖರಕ್ಕೆ ಈಗಲೂ ಮೆಟ್ಟಿಲೇ ಗತಿ. ಮಹಾರಾಷ್ಟ್ರದ ಮಾಥೇರಾನ್ ಬೆಟ್ಟದಲ್ಲಿ ಮನುಷ್ಯರು ಕೈಯಿಂದ ಎಳೆಯುವ ರಿಕ್ಷಾ ನಡೆಯುತ್ತಿತ್ತು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಆರು ತಿಂಗಳೊಳಗೆ ಅದು ನಿಲ್ಲಬೇಕೆಂದು ಹೇಳಿತು. ಅಷ್ಟಕ್ಕೇ ಬಿಡಲಿಲ್ಲ, ಎಳೆಯುತ್ತಿದ್ದವರಿಗೇ ಇ-ರಿಕ್ಷಾ ಕೊಡುವ ಯೋಜನೆ ಮಾಡಿ ಎಂದಿತು. ಹೊರೆ ತಪ್ಪಿಸಿದರೆ ಸಾಲದು, ಅನ್ನವೂ ತಪ್ಪಬಾರದು ಎಂಬುದು ನ್ಯಾಯದ ಮಾತು. ಆದರೆ ಬಂಡೆಯಲ್ಲಿ ಕಡೆದ ಮೆಟ್ಟಿಲಿನ ಮೇಲೆ ಇ-ರಿಕ್ಷಾ ಓಡುವುದಿಲ್ಲ.

"ಅವರದು ಕಾಯಕ" ಎಂದು ಇನ್ನು ಕೆಲವರ ವಾದ. ಕಲ್ಯಾಣದಲ್ಲಿ ಮೋಳಿಗೆಯ ಮಾರಯ್ಯ ಕಾಡಿನಿಂದ ಸೌದೆ ಹೊರೆ ಹೊತ್ತು ತಂದು ಮಾರಿ ಜಂಗಮ ದಾಸೋಹ ನಡೆಸಿದ ಶರಣ. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಬಂದವನೆಂದು ಪ್ರತೀತಿ. ಅವನ ಹೊರೆ ಅವನೇ ಆರಿಸಿಕೊಂಡದ್ದು, ಭಾರವಾದರೆ ಮರದ ಬುಡದಲ್ಲಿ ಇಳಿಸಿ ಕೂರಬಹುದಾಗಿತ್ತು. ಸೌದೆಗೆ ಹೊತ್ತಾಗುವುದಿಲ್ಲ. ಡೋಲಿಯವನಿಗೆ ಆ ಸ್ವಾತಂತ್ರ್ಯ ಕೊಟ್ಟವರು ಮಾತ್ರ ಅವನ ಕೆಲಸವನ್ನು ಕಾಯಕ ಎಂದು ಕರೆಯಬಹುದು.

ಆ ಸ್ವಾತಂತ್ರ್ಯ ಕೊಡುವುದು ಕೂತವರಿಗೆ ಕಷ್ಟದ ಕೆಲಸವೇನೂ ಅಲ್ಲ. ಇಬ್ಬರ ಬದಲು ನಾಲ್ವರನ್ನು ಗೊತ್ತುಮಾಡಿದರೆ ಪ್ರತಿ ಹೆಗಲಿನ ಪಾಲು ಅರ್ಧಕ್ಕಿಳಿಯುತ್ತದೆ. ಖರ್ಚು ಹೆಚ್ಚಾಗುತ್ತದೆ, ನಿಜ. ಮೇಲೆ ಕೊಳ್ಳುವ ಒಂದು ಫೋಟೋ, ಒಂದು ಸರ ಕಡಿಮೆಯಾದರೆ ಸರಿಹೋಗುತ್ತದೆ. ಮಡಿಲಲ್ಲಿ ಬ್ಯಾಗು, ತೊಡೆಯ ಮೇಲೆ ಮೊಮ್ಮಗು ಇಟ್ಟುಕೊಂಡು ಕೂರುವುದನ್ನು ಬಿಡಬಹುದು. ಮೊಮ್ಮಗುವಿಗೆ ಕಾಲಿದೆ, ಅಪ್ಪನ ಹೆಗಲಿದೆ. ದಾರಿಯಲ್ಲಿ "ನಿಲ್ಲಿಸ್ರಪ್ಪಾ, ಸುಧಾರಿಸ್ಕೊಳ್ಳಿ, ನನಗೇನೂ ಅವಸರ ಇಲ್ಲ" ಎಂದು ಕೂತವರೇ ಮೊದಲು ಹೇಳಬೇಕು, ಯಾಕೆಂದರೆ ಹೊತ್ತವನು ತಾನಾಗಿ ಕೇಳುವುದಿಲ್ಲ. ಕುಂಟುತ್ತಾ ಬಂದವನನ್ನು ಬೇಡ ಎಂದು ಬಿಟ್ಟು ಬೇರೆಯವನನ್ನು ಕರೆದರೆ ಅವನ ಮೂಳೆ ಉಳಿದೀತು, ಅವನ ಆ ದಿನದ ಕೂಲಿ ಹೋಗುತ್ತದೆ. ಇಲ್ಲಿ ಧರ್ಮ ಇಕ್ಕಟ್ಟಿಗೆ ಸಿಕ್ಕುತ್ತದೆ. ಕೈಯಲ್ಲಾದವರು ಅವನ ಸರದಿಯ ದುಡ್ಡಿನಲ್ಲಿ ಒಂದಿಷ್ಟನ್ನು ಅವನ ಕೈಗಿಟ್ಟು ಡಾಕ್ಟರ ಹತ್ತಿರ ಹೋಗು ಎನ್ನಬಹುದು. ಎಲ್ಲರಿಗೂ ಅದು ಆಗುವುದಿಲ್ಲ. ಕ್ಷೇತ್ರದ ಆಡಳಿತದವರು ನೋವಾದ ಆಳಿಗೆ ಕೆಲವು ವಾರ ಕೆಳಗೆ ಕೂತು ಮಾಡುವ ಕೆಲಸ ಕೊಟ್ಟರೆ, ಚಪ್ಪಲಿ ಕಾಯುವುದೋ, ಚೀಟಿ ಹರಿಯುವುದೋ, ಅದು ಯಾವ ಅನ್ನದಾನಕ್ಕೂ ಕಡಿಮೆಯಲ್ಲ.

ನಡೆಯಬಲ್ಲವರು ಸುಮ್ಮನೆ ಸುಖಕ್ಕೆಂದು ಡೋಲಿ ಏರುವುದು ಬೇರೆ ಮಾತು. ಅವರಿಗೆ ಹೇಳಬೇಕಾದದ್ದು ಹೆಚ್ಚಿಲ್ಲ: ನಿಧಾನವಾಗಿ ಹತ್ತಿ, ಸ್ವಾಮಿ ಎಲ್ಲೂ ಹೋಗುವುದಿಲ್ಲ. ಆದರೆ ನಡೆಯಲಾರದ ಅಜ್ಜಿ ಡೋಲಿಯಲ್ಲಿ ಮುದುಡಿ ಕೂತು "ಅಯ್ಯೋ, ಪಾಪ ಬಂತಲ್ಲಪ್ಪಾ" ಎಂದು ಅಳುವುದು ಬೇಕಿಲ್ಲ. ನಡೆದು ಹತ್ತಿದವರೂ ಇದರಿಂದ ಹೊರಗಿಲ್ಲ. ವಾಹನ ಹೋಗದ ಬೆಟ್ಟದಲ್ಲಿ ಅಭಿಷೇಕದ ಹಾಲು, ಪ್ರಸಾದದ ಅಕ್ಕಿ ಬೆಲ್ಲ, ಗ್ಯಾಸ್ ಸಿಲಿಂಡರು, ಕುಡಿಯುವ ನೀರಿನ ಕ್ಯಾನು, ಎಲ್ಲವೂ ಯಾರದೋ ತಲೆಯ ಸಿಂಬೆಯ ಮೇಲೆ ಕೂತೇ ಬಂದಿವೆ. ಬರಿಗಾಲಲ್ಲಿ ಹತ್ತಿದೆ ಎಂಬ ಹೆಮ್ಮೆಯಲ್ಲಿ ಬೊಗಸೆ ಒಡ್ಡಿದಾಗ ಅದರೊಳಗೆ ಬೀಳುವ ಪೊಂಗಲ್ಲೂ ಹೊರಿಸಿಕೊಂಡು ಬಂದದ್ದೇ.

ಹಿಂದಿನವರಿಗೆ ಇದು ತಿಳಿದಿತ್ತು ಎನ್ನಲು ದಾರಿಬದಿಯ ಕಲ್ಲುಗಳೇ ಸಾಕ್ಷಿ. ತಮಿಳುನಾಡು, ಕೇರಳದ ಹಳೆಯ ದಾರಿಗಳಲ್ಲಿ ಹೊರೆ ಇಳಿಸುವ ಕಲ್ಲುಗಳಿವೆ. ಎರಡು ಕಲ್ಲು ನಿಲ್ಲಿಸಿ ಮೇಲೊಂದು ಅಡ್ಡಗಲ್ಲು. ತಮಿಳರು ಅದನ್ನು ಸುಮೈತಾಂಗಿ ಎನ್ನುತ್ತಾರೆ. ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣುಮಕ್ಕಳ ನೆನಪಿಗೆ, ಇಳಿಸಲಾಗದೆ ಹೋದ ಹೊರೆಯ ಲೆಕ್ಕದಲ್ಲಿ, ಮನೆಯವರು ಅಂಥ ಕಲ್ಲು ನಿಲ್ಲಿಸುತ್ತಿದ್ದರು. ಹೊರೆಯಾಳು ಒಬ್ಬನೇ ಬಂದರೂ ಯಾರ ಸಹಾಯವೂ ಇಲ್ಲದೆ ಇಳಿಸಿ, ಉಸಿರು ತಿರುಗಿಸಿಕೊಂಡು, ಮತ್ತೆ ತಾನೇ ಹೊತ್ತುಕೊಳ್ಳುವಷ್ಟು ಎತ್ತರಕ್ಕೆ ಆ ಅಡ್ಡಗಲ್ಲು ಇರುತ್ತಿತ್ತು. ಹೊರೆಯವನ ಸೊಂಟಕ್ಕೆ ಅತಿ ಕೆಟ್ಟ ಗಳಿಗೆ ಎಂದರೆ ನೆಲಕ್ಕೆ ಬಗ್ಗಿ ಭಾರವನ್ನು ಎತ್ತುವ ಗಳಿಗೆ. ಆ ಕಲ್ಲು ಅದನ್ನೇ ತಪ್ಪಿಸುತ್ತಿತ್ತು.

ನಮ್ಮ ಕ್ಷೇತ್ರಗಳಲ್ಲಿ ಮೆಟ್ಟಿಲು ಕಟ್ಟಿಸಿ ಹೆಸರು ಕೆತ್ತಿಸುವ ದಾನಿಗಳು ಬೇಕಾದಷ್ಟಿದ್ದಾರೆ. ತಂದೆ ತಾಯಿಯ ಹೆಸರಿನಲ್ಲಿ ಒಂದು ಮೆಟ್ಟಿಲು, ಮಗನ ಮದುವೆಯ ನೆನಪಿಗೆ ಒಂದು ಮೆಟ್ಟಿಲು. ಅದೇ ಖರ್ಚಿನಲ್ಲಿ ತಿರುವುಗಳ ಹತ್ತಿರ, ಜನ ಓಡಾಡಲು ಅಡ್ಡಿಯಾಗದ ಹಾಗೆ, ಜೋಡಿ ಕಟ್ಟೆ ಕಟ್ಟಿಸಬಹುದು. ಡೋಲಿಯ ಗಳ ಹೆಗಲಿನಿಂದ ಜಾರಿದರೆ ನೇರ ಕಟ್ಟೆಯ ಮೇಲೆ ಕೂರಬೇಕು, ನಡುವೆ ಕುರ್ಚಿ ತೂಗಿ ನಿಲ್ಲಬೇಕು, ಕೂತವರು ಇಳಿಯಬೇಕಿಲ್ಲ, ಹೊತ್ತವನು ಬಗ್ಗಬೇಕಿಲ್ಲ. ಎತ್ತರ ಎಷ್ಟಿರಬೇಕೆಂದು ಇಂಜಿನಿಯರನ್ನು ಕೇಳುವ ಮೊದಲು ಅಲ್ಲಿಯ ಡೋಲಿಯವರನ್ನು ಸಾಲಾಗಿ ನಿಲ್ಲಿಸಿ ಅವರ ಹೆಗಲಿಗೆ ಟೇಪು ಹಿಡಿದು ನೋಡಿದರೆ ಆಯಿತು.